ಹಿಂದಿನ ಕೋಣೆಯ ಕಂಪ್ಯೂಟರನ್ನು ಭಂಗಾರಕ್ಕೆ ಹಾಕುವ ಮುಂಚೆ

ಹುಮನಾಬಾದ್, ಬಸವಕಲ್ಯಾಣ ಮತ್ತು ಆಸುಪಾಸಿನ ಊರುಗಳಲ್ಲಿ ಆನ್‌ಲೈನ್ ಸೆಂಟರ್, ಝೆರಾಕ್ಸ್, ಡಿಟಿಪಿ ಅಂಗಡಿ ನಡೆಸುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ, ಭಾಯಿಗಳಿಗೆ,



ನಿಮ್ಮ ಮುಂದೆ ಗಿರಾಕಿ ನಿಂತಿರುತ್ತಾರೆ, ಗೊತ್ತು. ನೇರವಾಗಿ ವಿಷಯಕ್ಕೆ ಬರುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಮಷೀನ್ ಅವತ್ತು ಬಂದ್ ಬೀಳಲಿಲ್ಲ, ಇವತ್ತೂ ನಡೆಯುತ್ತದೆ. ಹೊಸದಾಗಿ ಪತ್ತೆಯಾಗುವ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಮಾತ್ರ ತಾನಾಗಿ ಬರುವುದು ನಿಂತಿದೆ. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ಜನರೇಶನ್ನಿನ ಅಥವಾ ಅದರ ಮೇಲಿನ ಪ್ರೊಸೆಸರ್ ಕೇಳುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ನೋಡಿರುವುದು ಹೆಚ್ಚಾಗಿ ದೊಡ್ಡ ಊರಿನ ಆಫೀಸುಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು, ಮೂರನೇ ನಾಲ್ಕನೇ ಜನರೇಶನ್ನಿನದು. ಹಾಗಾಗಿ ಕೆಲವರು ಹೊಸ ಮಷೀನ್ ತಂದಿದ್ದೀರಿ. ಹಳೆಯದು ಹಿಂದಿನ ಕೋಣೆಯಲ್ಲಿ ಖಾಲಿ ಟೋನರ್ ಡಬ್ಬಿ, ಎ4 ರಿಮ್ಮುಗಳ ನಡುವೆ ಕೂತಿದೆ. ಭಂಗಾರದವನು ಬಂದಾಗ ತೂಕಕ್ಕೆ ಹೋಗುತ್ತದೆ. ಹೋಗುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ.

ನಾನು ಘಾಟಬೋರಾಳದ ಸೊಸೆ. ಕಸುಬು ವೆಬ್ ಡೆವಲಪ್‌ಮೆಂಟ್. ಕಂಪನಿ ದೂರದ ಊರಲ್ಲಿದೆ, ನಾನು ಇಲ್ಲಿ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಮೀಟಿಂಗಿನಿಂದ ಹಿಡಿದು ರಾತ್ರಿ ಬ್ಯಾಕಪ್‌ವರೆಗೆ ಎಲ್ಲವೂ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಮೇಲೆ. ಮನೆಯಲ್ಲಿ ಒಂದು ಸರ್ವರ್ ಕೂಡ ಇದೆ. ಸರ್ವರ್ ಅಂದ ಕೂಡಲೇ ಜನ ಬ್ಯಾಂಕಿನಲ್ಲಿ ಕಾಣುವ, ಲೈಟು ಮಿಣುಕುವ ಕಪ್ಪು ಅಲಮಾರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ನಮ್ಮದು ನಿಮ್ಮಂಥವರೊಬ್ಬರ ಅಂಗಡಿಯಿಂದ ತಂದ ಹಳೆಯ ಲ್ಯಾಪ್‌ಟಾಪ್. ಒಂದು ಕಡೆಯ ಕೀಲು ಮುರಿದಿದೆ, ಪರದೆಯ ಬಲಭಾಗ ಪೂರಾ ಕಪ್ಪು. ಸರ್ವರಿಗೆ ಪರದೆಯ ಹಂಗೇ ಇಲ್ಲವಾದ್ದರಿಂದ ಮುಚ್ಚಿಟ್ಟೇ ಓಡಿಸುತ್ತೇನೆ. ಒಳಗೆ ಡೆಬಿಯನ್ ಇದೆ, ಲಿನಕ್ಸ್ ಬಳಗದ ಹಿರಿಯರಲ್ಲಿ ಒಂದು, 1993ರಲ್ಲಿ ಶುರುವಾದದ್ದು.

ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಅದು ನಿದ್ದೆಗೆ ಜಾರುತ್ತದೆ. ಹಾಗೆ ಜಾರುವ ಸರ್ವರ್ ಯಾರಿಗೆ ಬೇಕು? ಲಾಗಿನ್‌ಡಿ ಎಂಬುದರ ಕಾನ್ಫಿಗ್ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬ ಒಂದು ಸಾಲಿದೆ. ಅದರ ಮುಂದೆ ಇಗ್ನೋರ್ ಎಂದು ಬರೆದು ಮಷೀನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಮುಗಿಯಿತು. ನಾನು ಲಿನಕ್ಸಿಗೆ ಅಂಟಿಕೊಂಡಿರುವುದು ಇಂಥದ್ದಕ್ಕೇ. ಅದು ಮಾಡುವ ಪ್ರತಿ ಕೆಲಸದ ಹಿಂದೆ ಎಲ್ಲೋ ಒಂದು ಓದಲಾಗುವ ಫೈಲು ಇರುತ್ತದೆ. ತೆರೆಯಬಹುದು, ತಿದ್ದಬಹುದು, ಕೆಟ್ಟರೆ ಹಳೆಯ ಸಾಲನ್ನೇ ಮತ್ತೆ ಬರೆಯಬಹುದು.

ನಮ್ಮ ಕಡೆಗೆ ಲ್ಯಾಪ್‌ಟಾಪ್ ಸರ್ವರೇ ಲೇಸು ಎನ್ನುವುದಕ್ಕೆ ಕಾರಣ ನಿಮಗೆ ಹೇಳಬೇಕಾಗಿಲ್ಲ. ಲೈಟ್ ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಆದರೆ ಮಷೀನ್ ಬದುಕಿದರೂ ವೈಫೈ ಡಬ್ಬಿ ಸತ್ತಿರುತ್ತದೆ. ಅದಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ ಬೇರೆ ಬೇಕು. ಇನ್ನು ಬೇಸಿಗೆ. ಮೇ ತಿಂಗಳಲ್ಲಿ ಪಾರ 40 ದಾಟುವ ಊರಿನಲ್ಲಿ ವರ್ಷವಿಡೀ ಚಾರ್ಜಿಗೆ ಹಚ್ಚಿಟ್ಟ ಬ್ಯಾಟರಿ ಉಬ್ಬಿಕೊಳ್ಳುತ್ತದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಚಾರ್ಜು ಶೇ. 80ಕ್ಕೆ ನಿಲ್ಲುವಂತೆ ಲಿನಕ್ಸಿನಿಂದಲೇ ಹೇಳಬಹುದು. ಮಷೀನ್ ಆ ಸೌಕರ್ಯ ಕೊಡದಿದ್ದರೆ ತಣ್ಣನೆಯ, ಗಾಳಿಯಾಡುವ ಜಾಗ ನೋಡಿ ಇಡಬೇಕು. ಉಬ್ಬಿದ ಬ್ಯಾಟರಿ ಕಂಡರೆ ಮಾತ್ರ ಒತ್ತಲಿಕ್ಕೆ, ಚುಚ್ಚಲಿಕ್ಕೆ ಹೋಗದೆ ತೆಗೆಸಿಬಿಡಿ.

ಕರೆಂಟಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಸುಮ್ಮನೆ ಕೂತ ಹಳೆಯ ಲ್ಯಾಪ್‌ಟಾಪ್ ಸುಮಾರು 15 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಹಗಲು ರಾತ್ರಿ ಓಡಿದರೂ ತಿಂಗಳಿಗೆ 11 ಯೂನಿಟ್ಟಿನ ಒಳಗೆ. 60 ವ್ಯಾಟಿನ ಡೆಸ್ಕ್‌ಟಾಪ್ ಆದರೆ ಅದೇ ಲೆಕ್ಕ 43 ಯೂನಿಟ್ ದಾಟುತ್ತದೆ. 2023ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಚಾಲನೆ ಸಿಕ್ಕ ಗೃಹ ಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಪುಕ್ಕಟೆ ಎಂದರೂ, ನಿಮ್ಮ ಹಳೆಯ ಸರಾಸರಿಯ ಮೇಲೆ ಹೆಚ್ಚಿಗೆ ಸಿಗುವುದು ಅಷ್ಟಿಷ್ಟೇ. ಹೀಗಾಗಿ ಹಗಲು ರಾತ್ರಿ ಓಡಬೇಕಾದ್ದಕ್ಕೆ ಡೆಸ್ಕ್‌ಟಾಪ್ ಬೇಡ; ಅದನ್ನು ಅಂಗಡಿ ತೆರೆದಾಗ ಮಾತ್ರ ಚಾಲೂ ಮಾಡುವ ಕೆಲಸಕ್ಕೆ ಇಡಿ.

ಈ ಸರ್ವರ್ ಏನು ಮಾಡುತ್ತದೆ? ಮನೆಯವರ ಫೋನುಗಳ ಫೋಟೊ ರಾತ್ರಿ ಇಲ್ಲಿಗೆ ಬಂದು ಬೀಳುತ್ತವೆ, ಇಲ್ಲಿಂದ ಇನ್ನೊಂದು ಹಾರ್ಡ್‌ಡಿಸ್ಕಿಗೆ ಹೋಗುತ್ತವೆ. ಹೊಲದ ಪಹಣಿ, ಸೊಸೈಟಿಯ ರಸೀದಿ, ಮಕ್ಕಳ ಟಿ.ಸಿ. ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯ ಕೂತಿದೆ. 2003ರಲ್ಲಿ ಶುರುವಾದ ಅದು ಈಗ ಮೂವತ್ತು ಸಾವಿರ ಲೇಖನ ದಾಟಿದೆ, ಆದರೂ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ನೆಟ್ ಇಲ್ಲದ ದಿನವೂ ಓಣಿಯ ಮಕ್ಕಳು ನಮ್ಮ ವೈಫೈ ಹಿಡಿದು ಓದಬಹುದು. ಓದುತ್ತಾರೆ ಎಂದು ನಾನು ಹೇಳಲಿಲ್ಲ. ಹೆಚ್ಚಿನವರು ಪಾಸ್‌ವರ್ಡ್ ಕೇಳುವುದು ರೀಲ್ಸ್ ನೋಡಲಿಕ್ಕೆ.

ನನಗೆ ಖುಷಿ ಕೊಟ್ಟದ್ದು ಲೈಟಿನ ದಫ್ತರ. ಲಿನಕ್ಸಿನಲ್ಲಿ ಚಾರ್ಜರಿನ ಸ್ಥಿತಿ ಕೂಡ ಒಂದು ಫೈಲು. ತೆರೆದರೆ ಒಳಗೆ ಒಂದೇ ಅಂಕಿ. ಲೈಟ್ ಇದ್ದರೆ 1, ಹೋಗಿದ್ದರೆ 0. ನಿಮಿಷಕ್ಕೊಮ್ಮೆ ಆ ಅಂಕಿ ನೋಡಿ ಗಂಟೆಯ ಜೊತೆ ಬರೆದಿಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ. ಅದನ್ನು ಮನೆಯೊಳಗಿನ ಒಂದು ವೆಬ್ ಪುಟದಲ್ಲಿ ಪಟ್ಟೆ ಪಟ್ಟೆಯಾಗಿ ತೋರಿಸಿದೆ. ಯಾವ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳಬಾರದು ಎಂಬುದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಮಾವನವರು ಅದನ್ನು ದಿಟ್ಟಿಸಿ ನೋಡಿ ಕೇಳಿದರು: “ಅಲ್ಲವ್ವಾ, ಥ್ರೀ ಫೇಸ್ ಯಾವಾಗ ಬರ್ತದ ಅಂತ ಹೇಳ್ತದೇನು ಇದು?” ಹೇಳುವುದಿಲ್ಲ. ಮನೆಯ ಲೈನಿಗೆ ಹಚ್ಚಿದ ಚಾರ್ಜರಿಗೆ ಹೊಲದ ಪಂಪಿನ ಲೈನಿನ ಸುದ್ದಿ ಎಲ್ಲಿಂದ ಗೊತ್ತಾಗಬೇಕು? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು ಪಂಪ್ ಚಾಲೂ ಮಾಡುವ ಯಂತ್ರ ಕಟ್ಟಬೇಕೆಂದು ನನಗೂ ಆಸೆ ಇತ್ತು. ಬಜಾರಿನಲ್ಲಿ ಸಿಗುವ ಮೊಬೈಲ್ ಸ್ಟಾರ್ಟರ್ ಅದಕ್ಕಿಂತ ಗಟ್ಟಿ, ಅಗ್ಗ. ಕೆಟ್ಟರೆ ರಿಪೇರಿಯವನೂ ಸಿಗುತ್ತಾನೆ. ಎಲ್ಲವನ್ನೂ ಮನೆಯಲ್ಲೇ ಕಟ್ಟಬೇಕೆಂಬ ಹಟ ನನಗಿಲ್ಲ.

ಸರ್ವರಿನ ಸ್ವಿಚ್ಚಿನ ಮೇಲೆ “ಬಂದ್ ಮಾಡಬ್ಯಾಡ್ರಿ” ಎಂದು ಚೀಟಿ ಅಂಟಿಸಿದ್ದೇನೆ. ನಕ್ಕರೆ ನಗಿ, ಇದಕ್ಕೆ ದೊಡ್ಡವರ ಮೇಲ್ಪಂಕ್ತಿ ಇದೆ. ಜಗತ್ತಿನ ಮೊದಲ ವೆಬ್ ಸರ್ವರ್, ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಇಟ್ಟಿದ್ದ ನೆಕ್ಸ್ಟ್ ಕಂಪ್ಯೂಟರ್. ಅದರ ಮೈಮೇಲೂ ಕೆಂಪು ಶಾಯಿಯಲ್ಲಿ ಬರೆದ ಇಂಥದೇ ಚೀಟಿ ಇತ್ತು. ಅವರು ವೆಬ್‌ನ ವಿಷಯ ಹೊರಗಿನ ಜನಕ್ಕೆ ತಿಳಿಸಿದ್ದು 1991ರ ಆಗಸ್ಟ್ 6ರಂದು. ಅದೇ ತಿಂಗಳ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಹವ್ಯಾಸಕ್ಕಷ್ಟೇ ಎಂದು ತಿಳಿಸಿದರು. ನನಗೆ ಅನ್ನ ಹಾಕುವ ವೆಬ್, ಲಿನಕ್ಸ್ ಎರಡರ ಸುದ್ದಿಯೂ ಹೊರಬಿದ್ದದ್ದು ಒಂದೇ ತಿಂಗಳಲ್ಲಿ. ನಮ್ಮ ಮನೆಯಲ್ಲಿ ಒಂದೇ ರಿಯಾಯಿತಿ: ಗುಡುಗು ಮಿಂಚು ಶುರುವಾದರೆ ಅತ್ತೆ ಚೀಟಿಯನ್ನು ಲೆಕ್ಕಿಸದೆ ಎಲ್ಲ ಪ್ಲಗ್ ಕಿತ್ತಿಡುತ್ತಾರೆ. ಅವರು ಮಾಡುವುದೇ ಸರಿ.

ಇದೆಲ್ಲ ಹೊರಗಿನ ಜಗತ್ತಿಗೆ ಕಾಣುವುದಿಲ್ಲ. ಹಳೆಯ ಮಾದರಿಯ ಇಂಟರ್‌ನೆಟ್ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಜಾಗತಿಕ ಉಗ್ರಾಣ 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಈಗ ಎಷ್ಟೋ ಕಡೆ ಒಂದೇ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂರಿಸುತ್ತಾರೆ, ಹೊರಗಿನವರು ನೇರ ನಮ್ಮ ಬಾಗಿಲಿಗೆ ಬರಲಾಗುವುದಿಲ್ಲ. ಗೆಳತಿಯರು ಇದನ್ನು ತೊಂದರೆ ಎನ್ನುತ್ತಾರೆ. ಮನೆಯ ಕಾಗದಪತ್ರ ಇಟ್ಟ ಮಷೀನಿಗೆ ಇದು ವರ ಎಂದು ನನ್ನ ಲೆಕ್ಕ.

ಈಗ ನಿಮ್ಮ ವಿಷಯಕ್ಕೆ ಬರೋಣ. ಊರಿನ ಕಾಗದಪತ್ರ ಇರುವುದು ನನ್ನ ಮನೆಯಲ್ಲಲ್ಲ, ನಿಮ್ಮ ಕೌಂಟರ್ ಮೇಲೆ. ನಿಮ್ಮ ಮಷೀನಿನ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ಆಧಾರ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಸೈಜಿನ ಫೋಟೊ. ಪ್ರಿಂಟ್ ತೆಗೆದ ಮೇಲೆ ಅಳಿಸಬೇಕೆಂದು ನಿಮಗೂ ಗೊತ್ತು. ಪಾಳಿಯಲ್ಲಿ ಹತ್ತು ಜನ ನಿಂತಾಗ ಯಾರಿಗೆ ಪುರುಸೊತ್ತು? ಪಕ್ಕದಲ್ಲಿ ವಾಟ್ಸ್‌ಆ್ಯಪ್ ವೆಬ್ ಸದಾ ತೆರೆದೇ ಇರುತ್ತದೆ. ಇದು ನಿಮ್ಮ ಅಪ್ರಾಮಾಣಿಕತೆ ಎಂದು ನಾನು ಖಂಡಿತ ಹೇಳುತ್ತಿಲ್ಲ. ತಾಲೂಕು ಕಚೇರಿಗೆ ಮೂರು ಸಲ ಅಲೆದು ಬಂದವರಿಗೆ ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕೊಡುವವರು ನೀವು. ಆದರೆ ಆ ಮಷೀನಿನ ವಿಂಡೋಸ್ ಎಲ್ಲಿಂದ ಬಂತು ನೆನಪಿಸಿಕೊಳ್ಳಿ. ಆ್ಯಂಟಿವೈರಸ್ ಬಂದ್ ಮಾಡಿ, ಯಾರೋ ಕೊಟ್ಟ ಆ್ಯಕ್ಟಿವೇಟರ್ ಓಡಿಸಿ, ಮತ್ತೆ ಆ್ಯಂಟಿವೈರಸ್ ಚಾಲೂ ಮಾಡಿದ ಮಷೀನುಗಳು ನಮ್ಮ ಕಡೆ ಎಷ್ಟಿಲ್ಲ! ಆ ಫೈಲಿನ ಒಳಗೆ ಇನ್ನೇನಿತ್ತು ಎಂದು ನೋಡಿದವರು ಯಾರು?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಸೂಚನೆ ಹೊರಡಿಸಿತ್ತು. ಆಧಾರಿನ ಝೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡುವುದನ್ನು ತಪ್ಪಿಸಿ, ಮಾಡಿದರೂ ಪೂರ್ತಿ ಅಳಿಸಿ ಎಂಬ ಅರ್ಥದ್ದು. ಜನ ಗಾಬರಿಯಾದರೆಂದು ಎರಡೇ ದಿನದಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆದರು. ಮಾಸ್ಕ್ಡ್ ಆಧಾರ್ ಮಾತ್ರ ಈಗಲೂ ಸಿಗುತ್ತದೆ, ಕೇಳುವವರೇ ಕಡಿಮೆ. ಸೂಚನೆ ಹೋದರೂ ಅದರೊಳಗಿನ ಮಾತು ಸುಳ್ಳಾಗಲಿಲ್ಲ. ಮರುವರ್ಷ, 2023ರಲ್ಲಿ, ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾಯ್ದೆಯನ್ನೇ ಮಾಡಿತು.

ನನ್ನ ವಿನಂತಿ ಇಷ್ಟೇ. ಹಿಂದಿನ ಕೋಣೆಯ ಮಷೀನಿಗೆ ಲಿನಕ್ಸ್ ಹಾಕಿ ಕೌಂಟರಿಗೆ ತನ್ನಿ, ಡೌನ್‌ಲೋಡ್ ಮಾಡುವುದು ಮತ್ತು ಪ್ರಿಂಟ್ ಕೊಡುವುದು ಎರಡನ್ನೂ ಅದಕ್ಕೆ ಒಪ್ಪಿಸಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಟಿಎಂಪಿ ಎಂಬ ಫೋಲ್ಡರ್ ಡಿಸ್ಕಿನ ಮೇಲೆ ಇರುವುದಿಲ್ಲ, ರ್‍ಯಾಮಿನಲ್ಲಿ ಇರುತ್ತದೆ. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಡೌನ್‌ಲೋಡ್ ಎಲ್ಲ ಅಲ್ಲಿಗೇ ಬೀಳುವಂತೆ ಮಾಡಿ, ಬ್ರೌಸರ್ ಮುಚ್ಚಿದಾಗ ಇತಿಹಾಸ, ಕುಕೀ ಅಳಿಸುವಂತೆಯೂ ಟಿಕ್ ಮಾಡಿ. ಸಂಜೆ ಅಂಗಡಿ ಮುಚ್ಚಿ ಮಷೀನ್ ಬಂದ್ ಮಾಡಿದಿರೋ, ಅವತ್ತಿನ ಅಷ್ಟೂ ಆಧಾರ್ ಮಾಯ. ಬ್ಯಾಟರಿ ಇಲ್ಲದ ಡೆಸ್ಕ್‌ಟಾಪ್ ಆದರೆ ನಡುವೆ ಲೈಟ್ ಹೋದರೂ ಮಾಯ. ನಮ್ಮ ಕಡೆ ಕರೆಂಟು ಹೋಗುವುದರಿಂದ ಒಂದು ಉಪಕಾರವಾದರೂ ಆಗಲಿ. ಒಂದು ಎಚ್ಚರಿಕೆ: ಆ ಫೋಲ್ಡರ್ ಹೆಚ್ಚೆಂದರೆ ಅರ್ಧ ರ್‍ಯಾಮ್ ಬಳಸುತ್ತದೆ, ಆದ್ದರಿಂದ 4 ಜಿಬಿಯ ಮಷೀನಿನಲ್ಲಿ ಮದುವೆ ವಿಡಿಯೊ ತಂದು ಅಲ್ಲಿ ಸುರಿಯಬೇಡಿ.

ಒಬ್ಬ ಅಣ್ಣನವರಿಗೆ ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಲ್ಯಾಮಿನೇಶನ್ ಹಾಳೆ ಕೆಳಗಿಟ್ಟು, “ಅಕ್ಕಾ, ಲಿನಕ್ಸ್ ಗಿನಕ್ಸ್ ನಮ್ಮಲ್ಲಿ ನಡಿಯಲ್ಲ. ಬಟ್ಟು ಹಚ್ಚೋ ಮಷೀನ್ ನಡಿಬೇಕು, ಪೇಜ್‌ಮೇಕರ್ ನಡಿಬೇಕು, ಪ್ರಿಂಟ್ ಬರ್ಲಿಲ್ಲಂದ್ರ ಗಿರಾಕಿ ಬೈತಾರ” ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆಧಾರ್ ದೃಢೀಕರಣದ ಬೆರಳಚ್ಚು ಯಂತ್ರಗಳಿಗೆ ಬೇಕಾಗುವ ಆರ್‌ಡಿ ಸರ್ವಿಸ್ ಹೆಚ್ಚಾಗಿ ಸಿಗುವುದು ವಿಂಡೋಸಿಗೆ, ಆ್ಯಂಡ್ರಾಯ್ಡ್‌ಗೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ಟ್ಯಾಲಿ ಇವುಗಳಿಗೆ ವಿಂಡೋಸೇ ಬೇಕು. ಏನೇನೋ ಸರ್ಕಸ್ ಮಾಡಿ ಲಿನಕ್ಸಿನಲ್ಲಿ ಓಡಿಸಬಹುದು ಎನ್ನುವವರ ಮಾತು ಕೇಳಿ ಮದುವೆ ಸೀಜನ್ನಿನಲ್ಲಿ ಪ್ರಯೋಗ ಮಾಡಬೇಡಿ. ಆ ಕೆಲಸಗಳಿಗೆ ನಿಮ್ಮ ಹೊಸ ಮಷೀನ್ ಇದೆಯಲ್ಲ. ಎಲ್ಲವನ್ನೂ ಬದಲಿಸಿ ಎಂದು ನಾನು ಹೇಳುವುದಿಲ್ಲ, ಎರಡನೆಯದನ್ನು ಎಸೆಯಬೇಡಿ ಎನ್ನುತ್ತಿದ್ದೇನೆ.

ಅಂದಹಾಗೆ ಲಿನಕ್ಸಿಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ. ಮಷೀನ್ ನಿಧಾನ ಎಂದು ಬೈಸಿಕೊಳ್ಳುವುದು ಎಷ್ಟೋ ಸಲ ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಿಂದ, ಹೆಸರು ಮಾತ್ರ ಪ್ರೊಸೆಸರಿಗೆ. ಇನ್ನರ್ಧ ಬೈಗುಳ ನಮ್ಮ ಕಸುಬಿನವರಿಗೆ ಸಲ್ಲಬೇಕು. ಇತ್ತೀಚಿನ ಮಷೀನ್, ವೇಗದ ಫೈಬರ್ ಲೈನಿನ ಮೇಲೆ ಕೂತು ವೆಬ್‌ಸೈಟ್ ಕಟ್ಟುತ್ತೇವೆ. ಒಂದು ಅರ್ಜಿ ಫಾರ್ಮಿಗೆ ಹತ್ತಾರು ಸ್ಕ್ರಿಪ್ಟ್ ಜೋಡಿಸುತ್ತೇವೆ. ಅದು ನಿಮ್ಮ ಅಂಗಡಿಯಲ್ಲಿ ತೆರೆಯುವಷ್ಟರಲ್ಲಿ ಸೆಶನ್ ಮುಗಿದು, ತುಂಬಿದ್ದೆಲ್ಲ ಹೋಗಿ, ಮತ್ತೆ ಓಟಿಪಿ ಎಂದು ಗಿರಾಕಿಯ ಫೋನ್ ಕೇಳಬೇಕಾಗುತ್ತದೆ. ನಾನು ಕಟ್ಟಿದ ಪ್ರತಿ ಪುಟವನ್ನು ಕೊನೆಗೆ 4 ಜಿಬಿ ರ್‍ಯಾಮಿನ ಹಳೆಯ ಮಷೀನಿನಲ್ಲಿ, ಫೋನಿನ ಹಾಟ್‌ಸ್ಪಾಟ್ ಮೇಲೆ ತೆರೆದು ನೋಡುತ್ತೇನೆ. ಅಲ್ಲಿ ಏದುಸಿರು ಬಿಟ್ಟರೆ ಕಂಪನಿಗೆ ಒಪ್ಪಿಸುವುದಿಲ್ಲ. ಹಳೆಯ ಮಷೀನ್ ನನಗೆ ದುಡಿಮೆಯ ಸಾಮಾನು, ಕರುಣೆಯಿಂದ ಇಟ್ಟುಕೊಂಡದ್ದಲ್ಲ.

ಡಿಟಿಪಿ ಮಾಡುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಊರಿನ ಎಷ್ಟೋ ವರ್ಷಗಳ ಬದುಕು ಇದೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್, ಪಂಚಾಯ್ತಿ ಅರ್ಜಿ, ಶ್ರದ್ಧಾಂಜಲಿಯ ಫ್ಲೆಕ್ಸ್. ಅದರಲ್ಲಿ ಬಹುಪಾಲು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆರೆದರೆ ‘ಕನ್ನಡ’ ಎಂಬುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು ಹೀಗೆ ಸಾಲಾಗಿ ನಿಲ್ಲುತ್ತದೆ. ಯಾಕೆಂದರೆ ಅಲ್ಲಿ ಉಳಿದಿರುವುದು ಕನ್ನಡದ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡು ಚಿತ್ರ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು, ನಮ್ಮ ಅಂಗಡಿಗಳಿಗೆ ಅದು ಬರಲಿಕ್ಕೆ ಕಾಲ ಹಿಡಿಯಿತು.

ಬಿಡುವಿನ ರಾತ್ರಿಗಳಲ್ಲಿ ನಾನು ಮಾಡುವ ಕೆಲಸ ಇಂಥ ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವುದು. ತುಂಡಿಗೆ ತುಂಡು ಬದಲಿಸಿದರೆ ಆಯಿತು ಎಂದು ಕೇಳಿದವರಿಗೆ ಅನ್ನಿಸುತ್ತದೆ. ಅರ್ಕಾವತ್ತು ಬಂದಲ್ಲಿ ಆಟ ಶುರು. ‘ಕರ್ನಾಟಕ’ದಲ್ಲಿ ಬಾಯಿ ಮೊದಲು ಹೇಳುವುದು ರಕಾರ, ಆಮೇಲೆ ನಾ. ಯೂನಿಕೋಡಿನಲ್ಲೂ ಅದೇ ಕ್ರಮ. ಆಸ್ಕಿ ಫೈಲಿನಲ್ಲಿ ಮಾತ್ರ ಕಣ್ಣಿಗೆ ಕಾಣುವ ಕ್ರಮ: ಮೊದಲು ನಾ, ಅದರ ಬಲಕ್ಕೆ ಅರ್ಕಾವತ್ತಿನ ಕೊಂಡಿ. ಸ್ಕ್ರಿಪ್ಟು ಆ ಕೊಂಡಿಯನ್ನು ಕಂಡ ಕೂಡಲೇ ಹಿಂದಕ್ಕೆ ನಡೆದು, ಕಾಗುಣಿತ ದಾಟಿ, ಒತ್ತಕ್ಷರ ಇದ್ದರೆ ಅದನ್ನೂ ದಾಟಿ, ಮೂಲ ವ್ಯಂಜನದ ಎಡಕ್ಕೆ ರಕಾರ ಇಟ್ಟು ಬರಬೇಕು. ‘ಮರ್ತ್ಯ’ ಬಂದರೆ ಇನ್ನೊಂದು ಹೆಜ್ಜೆ ಹೆಚ್ಚು. ಈ ದಾರಿಯನ್ನು ನನಗಿಂತ ಮುಂಚೆ ಸವೆಸಿದವರು ಇದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅವರು ಆಸ್ಕಿ ಪರಿವರ್ತಕವನ್ನೂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಆ ಎರಡೂ ಫಾಂಟು ಡೆಬಿಯನ್ನಿನಲ್ಲಿ ಒಂದು ಆದೇಶಕ್ಕೆ ಬಂದು ಕೂರುತ್ತವೆ. ಯೂನಿಕೋಡಿಗೆ ಬಂದ ಕನ್ನಡ ಏನು ಮಾಡಬಲ್ಲದು ಎಂದು ನೋಡಬೇಕಾದರೆ ವಚನ ಸಂಚಯ ತೆರೆಯಿರಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ನಿಮಗೆ ಬೇಕಾದ ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಅನುಭವ ಮಂಟಪದ ಊರಿನಲ್ಲಿ ಪ್ರವಚನದ ಕರಪತ್ರ ಟೈಪ್ ಮಾಡುವವರಿಗೆ ಇದಕ್ಕಿಂತ ಉಪಯೋಗದ ವೆಬ್‌ಸೈಟ್ ನನಗೆ ಗೊತ್ತಿಲ್ಲ.

ಟೈಪಿಂಗ್ ಮತ್ತೆ ಕಲಿಯಬೇಕೇ? ಬೇಡ. ನಿಮ್ಮ ಬೆರಳಿಗೆ ಕೂತಿರುವ ಕಗಪ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಲಿನಕ್ಸಿನೊಳಗೇ ಇದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಆರಿಸಿದರೆ ಸಾಕು, ಎಫ್ ಒತ್ತಿ ಒತ್ತಕ್ಷರ ಮಾಡುವುದೂ ಅದೇ ರೀತಿ. ಲಿಬ್ರೆ ಆಫೀಸಿನಲ್ಲಿ ಅರ್ಜಿ, ಬಾಡಿಗೆ ಕರಾರು, ಬಯೋಡೇಟಾ ಯಾವ ತಕರಾರೂ ಇಲ್ಲದೆ ಆಗುತ್ತವೆ.

ಹುಡುಗರ ವಿಷಯ. ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ನಿಮ್ಮಲ್ಲಿಗೇ ಬರುತ್ತವೆ. ಹೆಸರು, ರೋಲ್ ನಂಬರ್ ಬೇರೆ. ಒಳಗಿನದು ಹೋದ ವರ್ಷದ್ದೇ ಎಂಬುದು ಅವರ ಲೆಕ್ಚರರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಮನೆಯಲ್ಲಿ ಇರುವುದು ಫೋನ್. ಕಾಲೇಜಿನ ಲ್ಯಾಬಿನಲ್ಲಿ ಏನನ್ನೂ ಮುಟ್ಟಿ ಕೆಡಿಸುವಂತಿಲ್ಲ. ಕೆಡಿಸಲು ಒಪ್ಪಿಗೆ ಇಲ್ಲದ ಮಷೀನಿನ ಮೇಲೆ ಸರ್ವರ್ ಕೆಲಸ ಯಾರೂ ಕಲಿತಿಲ್ಲ. ನಿಮ್ಮಲ್ಲಿ ಎರಡು ಹಳೆಯ ಮಷೀನ್ ಇದ್ದರೆ ಒಂದಕ್ಕೆ ಲಿನಕ್ಸ್ ಹಾಕಿ ಗಂಟೆಯ ಬಾಡಿಗೆಗೆ ಇಡಿ. ಹುಡುಗಿಯರು ಬಂದು ಕೂರುವಂತೆ ಬೀದಿಗೆ ಕಾಣುವ ಜಾಗದಲ್ಲಿ ಇಡಿ. ಹಿಂದಿನ ಕೋಣೆಯಲ್ಲಿ ಇಟ್ಟರೆ ಮನೆಯವರು ಕಳಿಸುವುದಿಲ್ಲ. ಈ ಕಷ್ಟ ಗಂಡಸರಿಗೆ ತಾನಾಗಿ ಹೊಳೆಯುವುದಿಲ್ಲವೆಂದು ಬರೆದೆ. ಲಿನಕ್ಸ್ ಮಕ್ಕಳಿಗೆ ಕಠಿಣ ಎನ್ನುವವರು ಕೇರಳದ ಕಡೆ ನೋಡಲಿ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆಯಿಂದ ಅಲ್ಲಿಯ ಸರ್ಕಾರಿ ಶಾಲೆಯ ಮಕ್ಕಳು ಮೌಸ್ ಹಿಡಿಯುವುದನ್ನೇ ಲಿನಕ್ಸ್ ಮೇಲೆ ಕಲಿತು ದೊಡ್ಡವರಾದರು.

ಇದರಲ್ಲಿ ನಿಮಗೆ ದುಡಿಮೆಯೂ ಇದೆ. ವಿಂಡೋಸನ್ನು ಕಾಪಿ ಮಾಡಿ ಹಾಕಿಕೊಡುವುದು ಕಳ್ಳಮಾಲು. ಲಿನಕ್ಸನ್ನು ಸಾವಿರ ಪೆನ್‌ಡ್ರೈವಿಗೆ ಕಾಪಿ ಮಾಡಿ ಹಂಚಿದರೂ ಅದರ ಲೈಸೆನ್ಸೇ ಒಪ್ಪುತ್ತದೆ, ಹಾಕಿಕೊಟ್ಟ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದನ್ನೂ ಒಪ್ಪುತ್ತದೆ. ನಮ್ಮ ದೇಶದಲ್ಲಿ ಲಿನಕ್ಸ್ ಹಬ್ಬಿದ್ದೇ ಹೀಗೆ ಕೈಯಿಂದ ಕೈಗೆ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಬಂತು, ಅದರ ಹಿಂದೆ ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್ ಇದ್ದರು. ಆಮೇಲೆ ಉಬುಂಟುವಿನವರು ವರ್ಷಗಟ್ಟಲೆ ಟಪಾಲಿನಲ್ಲಿ ಪುಕ್ಕಟೆ ಸಿ.ಡಿ. ಕಳಿಸಿದರು. ಹಳೆಯ ಲ್ಯಾಪ್‌ಟಾಪ್ ಹಿಡಿದು “ಇದು ಭಾಳ ಸ್ಲೋ ಆಗ್ಯಾದ” ಎಂದು ನಿಮ್ಮಲ್ಲಿಗೆ ಬರುವ ಮಾಸ್ತರಿಗೆ, ರಿಟೈರ್ ಆದ ಗುಮಾಸ್ತರಿಗೆ ಎಸ್‌ಎಸ್‌ಡಿ ಹಚ್ಚಿ ಲಿನಕ್ಸ್ ಮಿಂಟ್ ಹಾಕಿಕೊಡಿ. ಅವರಿಗೆ ಬೇಕಾದದ್ದು ಬ್ರೌಸರ್, ಯೂಟ್ಯೂಬ್, ಒಂದೆರಡು ಪತ್ರ.

ಹಾಕುವುದು ಹೇಗೆ ಎಂದು ಇಲ್ಲಿ ಪೂರಾ ಬರೆಯಲಾರೆ. 8 ಜಿಬಿಯ ಪೆನ್‌ಡ್ರೈವ್ ಒಂದು ಸಾಕು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಮೂರೂ ಬಂದರೆ ಮಾತ್ರ ಡಿಸ್ಕಿಗೆ ಇಳಿಸಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಘಾಟಬೋರಾಳಕ್ಕೆ ಬರುವವರ ಕೈಯಲ್ಲಿ ಹೇಳಿ ಕಳಿಸಿ. ಭಾನುವಾರ ನಾನೇ ಬರುತ್ತೇನೆ, ಪೆನ್‌ಡ್ರೈವ್ ನನ್ನ ಹತ್ತಿರ ಇರುತ್ತದೆ. ಚಹಾ ನಿಮ್ಮದು.

ಇತಿ ನಿಮ್ಮ ತಂಗಿ,
ಘಾಟಬೋರಾಳದ ವೆಬ್ ಡೆವಲಪರ್

ತಾ.ಕ.: ಒಂದು, ತೀರಾ ಹಳೆಯ 32 ಬಿಟ್ ಮಷೀನುಗಳಿಗೆ ಡೆಬಿಯನ್ 13ರ ಇನ್‌ಸ್ಟಾಲರ್ ಬರುವುದಿಲ್ಲ, 12ಕ್ಕೇ ನಿಲ್ಲಬೇಕು. ಎರಡು, ಪ್ರಿಂಟರ್. ಎಚ್‌ಪಿಯ ಹೆಚ್ಚಿನ ಮಾಡೆಲ್‌ಗಳಿಗೆ ಬೇಕಾದ ಡ್ರೈವರ್ ಲಿನಕ್ಸಿನಲ್ಲಿ ಸುಲಭವಾಗಿ ಸಿಗುತ್ತದೆ. ಬೇರೆಯದಾದರೆ ಮಾಡೆಲ್ ನಂಬರ್ ನನಗೆ ತಿಳಿಸಿ, ನೋಡಿ ಹೇಳುತ್ತೇನೆ. ಮೂರು, ಇನ್‌ಸ್ಟಾಲ್ ಮಾಡುವಾಗ “ಇಡೀ ಡಿಸ್ಕ್ ಬಳಸು” ಎಂಬುದನ್ನು ಒತ್ತಿದರೆ ಸಿ ಡ್ರೈವ್ ಜೊತೆ ಡಿ, ಇ ಎಲ್ಲವೂ ಹೋಗುತ್ತವೆ. ಲಗ್ನಪತ್ರಿಕೆಗಳು ಡಿ ಡ್ರೈವಿನಲ್ಲಿ ಇರುತ್ತವೆ. ಮೊದಲು ಅವನ್ನು ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ.